ಹೆಸರು ಕೇಳದ ಊರಿನಲ್ಲಿ ಹತ್ತು ದಿನ

ಹೊರಡುವ ಮುಂಚೆ

ನಾನು ಸ್ವೀಡನ್ ದೇಶಕ್ಕೆ ಹೊರಟಿದ್ದೇನೆಂದು ಗೊತ್ತಾದ ಮೇಲೆ ಕಲಬುರಗಿಯಲ್ಲಿ ನನ್ನನ್ನು ಬಲ್ಲವರೆಲ್ಲ ಎರಡೇ ಪ್ರಶ್ನೆ ಕೇಳಿದರು. "ಯಾರ್ ಕಳಸಾಕತ್ತಾರ?" ಎಂಬುದು ಒಂದು. "ನಿನಗ್ಯಾಕ ಕಳಸಾಕತ್ತಾರ?" ಎಂಬುದು ಇನ್ನೊಂದು. ಎರಡನೆಯದನ್ನು ಹೆಚ್ಚು ಸಲ ಕೇಳಿದವಳು ನನ್ನ ಹೆಂಡತಿ ಮಹಾದೇವಿ. ಜಿಲ್ಲೆಯ ಸಣ್ಣ ಪತ್ರಿಕೆಯೊಂದರಲ್ಲಿ ಇಪ್ಪತ್ತಾರು ವರ್ಷ ವರದಿ ಬರೆದವನು ನಾನು. ಬೀದರಿನ ಆಚೆ ಹೋದದ್ದು ಬೆರಳೆಣಿಕೆಯಷ್ಟು ಸಲ, ಅದೂ ಮದುವೆಗಳಿಗೆ. ಅಂಥವನನ್ನು ಅಷ್ಟು ದೂರದ ಪತ್ರಕರ್ತರ ಸಂಘವೊಂದು ಹತ್ತು ದಿನಕ್ಕೆ ಅತಿಥಿಯಾಗಿ ಕರೆಯುತ್ತದೆಂದರೆ ಎಲ್ಲೋ ಏನೋ ಎಡವಟ್ಟಾಗಿದೆ ಎಂದೇ ಅವಳ ಗುಮಾನಿ.

ಕರೆದದ್ದಕ್ಕೆ ಕಾರಣ ನಾನು ಬರೆದ ಒಂದು ವರದಿ. ನಂದೂರದ ಒಂದು ಬೇಳೆ ಮಿಲ್ಲಿನಲ್ಲಿ ಕಮಲಾಪುರದ ಕೂಲಿಯಾಳು ಶರಣಪ್ಪನ ಬಲಗೈ ಯಂತ್ರಕ್ಕೆ ಸಿಕ್ಕಿತು. ಮೂರು ಬೆರಳು ಹೋದವು. ಮಿಲ್ಲಿನವರು, ಆವತ್ತು ಅವನು ಕೆಲಸಕ್ಕೇ ಬಂದಿರಲಿಲ್ಲ, ತನ್ನ ಹೊಲದಲ್ಲಿ ಮೇವು ಕತ್ತರಿಸುವಾಗ ಕೈ ಕೊಯ್ದುಕೊಂಡಿದ್ದಾನೆ ಎಂದರು. ವಾರದ ಮೇಲೆ ನನ್ನ ಮೊಬೈಲಿಗೆ ಒಂದು ಫೋಟೋ ಬಂತು. ಆವತ್ತಿನ ಹಾಜರಿ ಪುಸ್ತಕದ ಹಾಳೆ, ಅದರಲ್ಲಿ ಶರಣಪ್ಪನ ಹೆಸರಿನ ಮುಂದೆ ಅವನದೇ ಸಹಿ. ಅದನ್ನು ಪತ್ರಿಕೆಯಲ್ಲಿ ಹಾಕಿದೆವು. ವಿಚಾರಣೆ ಶುರುವಾಯಿತು. ಮಿಲ್ಲಿನವರು ಒಪ್ಪಿಕೊಂಡರು. ಆದರೆ ಆವತ್ತಿನಿಂದ ಅವರು ಹುಡುಕುತ್ತಿದ್ದದ್ದು ಒಂದನ್ನೇ, ಆ ಫೋಟೋ ತೆಗೆದವರು ಯಾರು? ಅದು ಗೊತ್ತಿದ್ದದ್ದು ನನಗೊಬ್ಬನಿಗೆ. ಗೊತ್ತಾದರೆ ಆ ವ್ಯಕ್ತಿಯ ಕೆಲಸ ಹೋಗುತ್ತದೆ, ಅಷ್ಟೇ ಅಲ್ಲ, ಇನ್ನೊಂದು ಮಿಲ್ಲಿನ ಗೇಟೂ ತೆರೆಯುವುದಿಲ್ಲ. ಮಾಲೀಕರೆಲ್ಲ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವವರು.

ಇದನ್ನು ಬರೆಯುವ ಮೊದಲು ಆ ವ್ಯಕ್ತಿಯನ್ನು ಕೇಳಿದೆ. ಬರೆಯಿರಿ, ಆದರೆ ಅದಲುಬದಲು ಮಾಡಿ ಬರೆಯಿರಿ ಎಂದರು. ಆದ್ದರಿಂದ ಇಲ್ಲಿಯ ಶರಣಪ್ಪ ಶರಣಪ್ಪನಲ್ಲ, ಬೇಳೆ ಮಿಲ್ಲು ಬೇರೇನೋ ಇರಬಹುದು, ಮುಂದೆ ಬರುವ ಗಾಜಿಪುರದ ಓಣಿ ಗಾಜಿಪುರದ್ದಲ್ಲದೆಯೂ ಇರಬಹುದು. ಆ ವ್ಯಕ್ತಿ ಗಂಡೋ ಹೆಣ್ಣೋ ಎಂಬುದನ್ನಂತೂ ನನ್ನಿಂದ ಹೊರಡಿಸಲಾರಿರಿ.

ಮೊದಲ ದಿನ, ರೈಲು

ಮೇ ತಿಂಗಳು. ಕಲಬುರಗಿಯಲ್ಲಿ ಮಧ್ಯಾಹ್ನ ಕಾಗೆಯೂ ಹಾರಾಡದ ಬಿಸಿಲು. ಅದನ್ನು ಬಿಟ್ಟು ಸ್ಟಾಕ್‌ಹೋಮಿನಲ್ಲಿ ಇಳಿದರೆ ಮೈ ಗಡಗಡ ನಡುಗಿತು, ಅಲ್ಲಿಯ ಜನ ಮಾತ್ರ ಬೇಸಿಗೆ ಬಂತೆಂದು ತೋಳಿಲ್ಲದ ಅಂಗಿ ತೊಟ್ಟು ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ನಾವು ಬಿಸಿಲು ಕಂಡರೆ ಓಡುತ್ತೇವೆ, ಅವರು ಅದರ ಕಡೆಗೇ ಮುಖ ತಿರುಗಿಸಿ ಕೂರುತ್ತಾರೆ. ಸಂಘದವರು ಕೊಟ್ಟ ಉಣ್ಣೆಯ ಕೋಟು ತೊಟ್ಟ ಮೇಲೆ ನನಗೆ ಜೀವ ಬಂತು.

ನನಗೊಬ್ಬ ದುಭಾಷಿ ಬೇಕೆಂದು ಸಂಘದವರು ಹುಡುಕಿ ಹಿಡಿದು ತಂದದ್ದು ಶಾಂತಾಳನ್ನು. ಹನ್ನೊಂದು ವರ್ಷದಿಂದ ಅಲ್ಲಿಯ ವೃದ್ಧರ ಆರೈಕೆ ಕೇಂದ್ರದಲ್ಲಿ ನರ್ಸ್. ಊರು ಯಾವುದವ್ವ ಎಂದರೆ ಗಾಜಿಪುರ, ನನ್ನ ಮನೆಯಿಂದ ಮೂರು ಓಣಿ ಆಚೆ! ಅವಳ ತಾಯಿ ಗುರಬಾಯಿಯನ್ನು ನಾನು ಕಿರಾಣಿ ಅಂಗಡಿಯಲ್ಲಿ ದಿನವೂ ನೋಡುತ್ತೇನೆ. ಏಳು ಸಮುದ್ರ ದಾಟಿ ಹೋಗಿ ಓಣಿಯವಳ ಕೈಗೇ ಸಿಕ್ಕೆನಲ್ಲ ಎಂದು ನಗು ಬಂತು.

ನಾವು ಹೋಗಬೇಕಾದದ್ದು ಸರೋವರದ ದಂಡೆಯ ಒಂದು ಸಣ್ಣ ಊರಿಗೆ. ರೈಲಿನಲ್ಲಿ ಕೂತ ಕೂಡಲೇ ಮಹಾದೇವಿಗೆ ಫೋನ್ ಹಚ್ಚಿದೆ. ನಮ್ಮ ಕಡೆ ಫೋನಿನಲ್ಲಿ ಮಾತಾಡುವುದೆಂದರೆ ದೂರಕ್ಕೆ ತಕ್ಕ ದನಿ ತೆಗೆಯಬೇಕು. ಸ್ವೀಡನ್ ಎಷ್ಟು ದೂರ! ಅದಕ್ಕೆ ತಕ್ಕಂತೆಯೇ ಕೂಗುತ್ತಿದ್ದೆ. ಐದು ನಿಮಿಷದ ಮೇಲೆ ಎದುರಿನ ಮುದುಕಿ ಮುಗುಳ್ನಗುತ್ತ ಕಿಟಕಿಯ ಮೇಲಿನ ಚಿತ್ರದ ಕಡೆ ಬೆರಳು ತೋರಿಸಿದಳು. ತುಟಿಗಳ ಮೇಲೆ ಬೆರಳಿಟ್ಟ ಮುಖದ ಚಿತ್ರ.

"ಕಾಕಾ, ಇದು ಸುಮ್ಮ ಕುಂದರೋ ಡಬ್ಬಿ," ಎಂದಳು ಶಾಂತಾ ಪಿಸುಮಾತಿನಲ್ಲಿ. "ಇಲ್ಲಿ ಮಾತಾಡಂಗಿಲ್ಲ."

"ಸುಮ್ಮ ಕುಂದರಾಕ ಒಂದ್ ಡಬ್ಬಿ ಬ್ಯಾರೆ ಇಟ್ಟಾರಾ?" ಎಂದು ನಾನು ಅಷ್ಟೇ ಜೋರಾಗಿ ಕೇಳಿದೆ. ಆಮೇಲೆ ಇಡೀ ದಾರಿ ಬಾಯಿಗೆ ಬೀಗ.

ಆ ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಅಲ್ಲಿ ನಮ್ಮ ಜೊತೆಗೆ ಇನ್ನೊಬ್ಬ ಅತಿಥಿ ಇದ್ದಳು. ತನ್ನ ದೇಶದಲ್ಲಿ ಪತ್ರಕರ್ತೆಯಾಗಿದ್ದವಳು, ಬರೆದ ತಪ್ಪಿಗೆ ಅಲ್ಲಿಂದ ಜೀವ ಉಳಿಸಿಕೊಂಡು ಬಂದವಳು. ಆ ಊರಿನವರು ಅವಳಿಗೆ ಎರಡು ವರ್ಷಕ್ಕೆ ಮನೆ ಕೊಟ್ಟು, ಮೇಜು ಕೊಟ್ಟು, ಬರೆ ಎಂದು ಕೂರಿಸಿದ್ದಾರೆ. ನಮ್ಮಲ್ಲಿ ಪರಊರಿನ ವರದಿಗಾರನಿಗೆ ಬಾಡಿಗೆ ಮನೆ ಸಿಗುವುದೇ ಕಷ್ಟ, ಪೊಲೀಸರು ಬಂದು ಹೋಗುತ್ತಾರೆ ಎಂದು ಮನೆಯವರು ಹೆದರುತ್ತಾರೆ. ಒಂದು ಇಡೀ ಊರು ಒಬ್ಬ ಬರೆಯುವವಳಿಗೆ ಬೆನ್ನಾಗಿ ನಿಂತದ್ದನ್ನು ನಾನು ಮೊದಲ ಸಲ ನೋಡಿದೆ.

ಮೂರನೆಯ ದಿನ, ನಗರಸಭೆ

ನಮ್ಮ ಆತಿಥ್ಯ ವಹಿಸಿಕೊಂಡಿದ್ದವಳು ಬಿರ್ಗಿತ್ತಾ, ಆ ಊರಿನ ಪತ್ರಿಕೆಯ ಸಂಪಾದಕಿ. ಅರವತ್ತರ ಹತ್ತಿರದ ವಯಸ್ಸು, ಗಂಡಸರ ಬೂಟು, ಸೈಕಲ್ ಸವಾರಿ. ಆಕೆ ನಮ್ಮನ್ನು ನಗರಸಭೆಗೆ ಕರೆದುಕೊಂಡು ಹೋಗಿ, ಏನು ಬೇಕಾದರೂ ಕೇಳಿ ನೋಡು ಎಂದಳು. ನಾನೂ ಕಡಿಮೆಯವನಲ್ಲ. ಈ ವಾರ ನಗರಸಭೆಯ ಮುಖ್ಯಸ್ಥರಿಗೆ ಬಂದ ಕಾಗದಪತ್ರಗಳೆಲ್ಲ ಬೇಕು ಎಂದೆ.

ಕೇಳಿದ್ದಲ್ಲದೆ, ಕೌಂಟರಿನ ಮೇಲೆ ನನ್ನ ಸರಂಜಾಮು ಹರಡಿದೆ. ಪಾಸ್‌ಪೋರ್ಟು, ಪತ್ರಿಕೆಯ ಗುರುತಿನ ಚೀಟಿ, ಆಧಾರ್ ಕಾರ್ಡಿನ ಎರಡು ಝರಾಕ್ಸ್, ಪಾಸ್‌ಪೋರ್ಟ್ ಸೈಜಿನ ನಾಲ್ಕು ಫೋಟೋ. ಸರ್ಕಾರಿ ಕಚೇರಿಗೆ ಬರಿಗೈಯಲ್ಲಿ ಹೋಗುವ ಮೂರ್ಖ ನಾನಲ್ಲ. ಗಡ್ಡ ಬಿಟ್ಟ ಗುಮಾಸ್ತ ಗಾಬರಿಯಾಗಿ ಎರಡೂ ಕೈ ಮೇಲೆತ್ತಿದ. ಆಮೇಲೆ ಬೆರಳ ತುದಿಯಿಂದ ಅವನ್ನೆಲ್ಲ ನನ್ನ ಕಡೆಗೇ ತಳ್ಳಿದ.

"ಒಳಗ ಇಟ್ಕೋರಿ ಕಾಕಾ," ಎಂದಳು ಶಾಂತಾ. "ನಿಮ್ಮ ಹೆಸರು ಕೇಳಾಕ ಅವನಿಗಿ ಹಕ್ಕಿಲ್ಲಂತ."

"ಯಾಕ ಬೇಕು ಅಂತರ ಕೇಳ್ಳಿ!"

"ಅದೂ ಕೇಳಂಗಿಲ್ಲಂತ."

ಖರೆ ಹೇಳುತ್ತೇನೆ, ನನಗೆ ಅವಮಾನವಾದಂತಾಯಿತು. ಇಪ್ಪತ್ತಾರು ವರ್ಷದಲ್ಲಿ ನಾನು ಯಾರೆಂದು ಕೇಳದ ಗುಮಾಸ್ತನನ್ನು ನಾನು ಕಂಡಿಲ್ಲ. ನಮ್ಮ ಕಡೆಯ ಕಚೇರಿಯೊಂದರಲ್ಲಿ ಮಾಹಿತಿ ಕೇಳಿ ಅರ್ಜಿ ಕೊಟ್ಟರೆ "ಯಾರ ಕಡಿಂದ ಬಂದೀರಿ?" ಎಂದು ಮೊದಲು, "ಯಾರ ಮ್ಯಾಲ ಬರೀತೀರಿ?" ಎಂದು ಆಮೇಲೆ. ನಾನು ಮೆಟ್ಟಿಲಿಳಿದು ಗೇಟು ಮುಟ್ಟುವಷ್ಟರಲ್ಲಿ ಸಂಬಂಧಪಟ್ಟ ಗುತ್ತಿಗೆದಾರನ ಫೋನು ಬಂದಿರುತ್ತದೆ, ಚಾ ಕುಡಿಯೋಣ ಬನ್ನಿ ಎಂದು.

ಇಲ್ಲಿ ಕಾಗದಗಳು ಬಂದವು, ಶಾಂತಾ ಓದಿ ಹೇಳಿದಳು. ಒಂದರಲ್ಲಿ, ಸರೋವರದ ಬಾತುಗಳು ಅಂಗನವಾಡಿಯ ಅಂಗಳಕ್ಕೆ ನುಗ್ಗಿ ಮಕ್ಕಳ ಬ್ರೆಡ್ಡು ಕಸಿಯುತ್ತಿವೆ ಎಂದು ತಾಯಿಯೊಬ್ಬಳ ದೂರು. ಇನ್ನೊಂದರಲ್ಲಿ, ಬಾತುಗಳಿಗೂ ಹಕ್ಕಿದೆ ಎಂದು ಬೇರೆ ಯಾರದೋ ಉತ್ತರ. ಹಗರಣ ಸಿಗುತ್ತದೆಂದು ಕಾದಿದ್ದ ನನಗೆ ಸಿಕ್ಕದ್ದು ಇಷ್ಟೇ. ಆದರೂ ಆ ಕಾಗದಗಳನ್ನು ಮಡಿಸಿ ಜೋಪಾನವಾಗಿ ಕಲಬುರಗಿಗೆ ತಂದಿದ್ದೇನೆ. ಇನ್ನೂರೈವತ್ತು ವರ್ಷಕ್ಕೂ ಹಿಂದೆ, ರಾಜರ ಕಾಲದಲ್ಲೇ, ಕಚೇರಿಯ ಕಾಗದ ಯಾರು ಕೇಳಿದರೂ ತೋರಿಸಬೇಕೆಂದು ಈ ಜನ ಕಾನೂನು ಬರೆದಿಟ್ಟುಕೊಂಡರಂತೆ. ಕೇಳಿ ನನಗೆ ಹೊಟ್ಟೆಕಿಚ್ಚೂ ಆಯಿತು, ಗೌರವವೂ ಬಂತು.

ಐದನೆಯ ದಿನ, ಪತ್ರಿಕೆಯ ಕಚೇರಿ

ಮಧ್ಯಾಹ್ನ ಮೂರಕ್ಕೆ ಅಲ್ಲಿ ಎಲ್ಲರೂ ಕೆಲಸ ಬಿಟ್ಟು ಕಾಫಿಗೆ ಕೂರುತ್ತಾರೆ. ಸಂಪಾದಕಿ, ವರದಿಗಾರ, ಕಸ ಗುಡಿಸುವವಳು, ಎಲ್ಲ ಒಂದೇ ಮೇಜಿಗೆ. ದಾಲ್ಚಿನ್ನಿ ಹಾಕಿದ ಬನ್ನು. ಕುಡಿದ ಮೇಲೆ ತಂತಮ್ಮ ಕಪ್ಪು ತಾವೇ ತೊಳೆದಿಡಬೇಕು. ನಮ್ಮ ಸಂಪಾದಕರು ಕಪ್ಪು ತೊಳೆಯುತ್ತಿರುವುದನ್ನು ಊಹಿಸಿಕೊಂಡು ನನಗೆ ಬನ್ನು ಇನ್ನೂ ರುಚಿಯಾಯಿತು.

ನಿನಗೆ ಸುದ್ದಿ ಕೊಡುವವರನ್ನು ಎಲ್ಲಿ ಭೇಟಿಯಾಗುತ್ತೀ ಎಂದು ಬಿರ್ಗಿತ್ತಾ ಕೇಳಿದಳು. ನಾನು ಹುರುಪಿನಿಂದ ಸ್ಟೇಶನ್ ಬಜಾರದ ಹೋಟೆಲನ್ನು ಬಣ್ಣಿಸಿದೆ. ಗೋಡೆಯ ಪಕ್ಕದ ಟೇಬಲ್ಲು ನನ್ನದೇ, ಬೇರೆ ಯಾರೂ ಕೂರುವುದಿಲ್ಲ. ನನ್ನ ಜೊತೆ ಯಾರಾದರೂ ಬಂದು ಕೂತರೆ ಸಾಕು, "ಪೇಪರಿನವ್ರಿಗಿ ಎರಡ್ ಚಾ, ಒಂದು ಮೆಹಮಾನ್‌ದು!" ಎಂದು ಗಲ್ಲಾದಿಂದಲೇ ಕೂಗುತ್ತಾರೆ. ಆಟೋದವರು, ಹಮಾಲರು, ಲಾಡ್ಜಿನವರು ಎಲ್ಲ ತಿರುಗಿ ನಮಸ್ಕಾರ ಮಾಡುತ್ತಾರೆ. ಅಷ್ಟು ಮರ್ಯಾದೆ!

ಶಾಂತಾ ಇದನ್ನೆಲ್ಲ ಹೇಳಿ ಮುಗಿಸಿದಾಗ ಬಿರ್ಗಿತ್ತಾ ನಕ್ಕಳು. ಆಮೇಲೆ ನಗು ನಿಲ್ಲಿಸಿ ಕಪ್ಪು ಕೆಳಗಿಟ್ಟಳು. ಮರುದಿನ ನಿನ್ನ ಪತ್ರಿಕೆ ಬಂದಾಗ ಆ ಹಮಾಲರಿಗೆಲ್ಲ ಆ ಸುದ್ದಿ ಯಾರು ಕೊಟ್ಟದ್ದೆಂದು ಗೊತ್ತಾಗುವುದಿಲ್ಲವೇ ಎಂದು ಕೇಳಿದಳು. ನನ್ನ ಬಾಯಲ್ಲಿದ್ದ ಬನ್ನು ಅಲ್ಲೇ ನಿಂತಿತು. ಇಷ್ಟು ವರ್ಷ ನನಗೆ ಇದು ಹೊಳೆದೇ ಇರಲಿಲ್ಲ. ಹಾಜರಿ ಹಾಳೆಯ ಫೋಟೋ ಕಳಿಸಿದವರು ಹೋಟೆಲಿಗೆ ಬರಲು ಒಪ್ಪದೆ, ಮೊಬೈಲಿಗೆ ಕಳಿಸಿ ಸುಮ್ಮನಾದದ್ದು ನನ್ನ ಜಾಣತನವಲ್ಲ, ಅವರದು.

ಆಕೆ ನಮ್ಮನ್ನು ಕಟ್ಟಡದ ಹಿಂದಿನ ಗಲ್ಲಿಗೆ ಕರೆದುಕೊಂಡು ಹೋದಳು. ಅಲ್ಲಿ ಗೋಡೆಯಲ್ಲೊಂದು ಟಪಾಲು ಪೆಟ್ಟಿಗೆ. ಬೀದಿಯಲ್ಲೆಲ್ಲ ಕ್ಯಾಮೆರಾ ಇದ್ದರೂ ಆ ಮೂಲೆಗೆ ಮಾತ್ರ ಇಲ್ಲ, ಬೇಕೆಂದೇ ಇಟ್ಟಿಲ್ಲ. ಯಾರು ಬೇಕಾದರೂ ಬಂದು ಲಕೋಟೆ ಹಾಕಿ ಹೋಗಬಹುದು. ಅಲ್ಲಿಯ ಕಾನೂನು ಇನ್ನೂ ಬಿಗಿ. ಪತ್ರಿಕೆಗೆ ಸುದ್ದಿ ಕೊಟ್ಟವರು ಯಾರೆಂದು ಸರ್ಕಾರಿ ಅಧಿಕಾರಿ ವಿಚಾರಿಸಲು ಹೊರಟರೆ ಅದೇ ಅಪರಾಧ. ಗುಟ್ಟಾಗಿಡಬೇಕಾದ ಹೆಸರನ್ನು ಪತ್ರಕರ್ತ ತಾನಾಗಿ ಬಿಟ್ಟುಕೊಟ್ಟರೆ ಅವನ ಮೇಲೂ ಖಟ್ಲೆ, ಜೈಲಿಗೂ ಹೋಗಬಹುದು.

"ಬರದದ್ದಕ್ಕಲ್ಲ ಕಾಕಾ, ಹೇಳಿದ್ದಕ್ಕ," ಎಂದು ಶಾಂತಾ ಬಿಡಿಸಿ ಹೇಳಿದಳು.

ನಿನ್ನ ವರದಿಗಾರರು ನಿನಗಾದರೂ ಹೇಳುತ್ತಾರಲ್ಲ ಎಂದು ಬಿರ್ಗಿತ್ತಾಳನ್ನು ಕೇಳಿದೆ. ಅಗತ್ಯ ಬೀಳದ ಹೊರತು ತಾನು ಕೇಳುವುದಿಲ್ಲ ಎಂದಳು. ಅವಳ ಗಂಡ ಹೇಳುವಂತೆ ಅವಳು ನಿದ್ದೆಯಲ್ಲಿ ಮಾತಾಡುತ್ತಾಳೆ, ಆ ಗಂಡನೋ ನಗರಸಭೆಯ ಸದಸ್ಯ!

ಎಂಟನೆಯ ದಿನ, ಗ್ರಂಥಾಲಯ

ಇಷ್ಟೆಲ್ಲ ಕೇಳಿ, ಹೂಂಗುಟ್ಟಿ, ಪುಸ್ತಕದಲ್ಲಿ ಬರೆದುಕೊಂಡ ಮೇಲೂ ನಾನು ಮಾಡಿದ್ದೇನು ನೋಡಿ.

ಊರಿನ ಗ್ರಂಥಾಲಯದಲ್ಲಿ ನಮ್ಮ ಭಾಷಣ. ಮೂವತ್ತು ಜನ ಬಂದಿದ್ದರು. ನಾನು ಕನ್ನಡದಲ್ಲಿ ಮಾತಾಡುವುದು, ಶಾಂತಾ ಅವರ ಭಾಷೆಗೆ ತಿರುಗಿಸುವುದು. ಶುರುವಾಗುವ ಮೊದಲು ಅವಳು ತನ್ನ ಮೊಬೈಲನ್ನು ನೀರಿನ ಜಗ್ಗಿಗೆ ಆನಿಸಿ ನಿಲ್ಲಿಸಿದಳು.

"ಅವ್ವಗ ವಿಡಿಯೋ ಕಾಲ್ ಹಚ್ಚೀನಿ ಕಾಕಾ. ಓಣ್ಯಾಗಿನ ಹೆಣ್ಮಕ್ಕಳೂ ಬಂದು ಕುಂತಾರ, ನೋಡ್ಲಿ."

ಬೇಡ ಎನ್ನಬೇಕಾದವನು ನಾನು ತಲೆ ಬಾಚಿಕೊಂಡು ಬಂದೆ. ಕಲಬುರಗಿಯಲ್ಲಿ ಆಗ ದೀಪ ಹಚ್ಚುವ ಹೊತ್ತು. ಪರದೆಯಲ್ಲಿ ಗುರಬಾಯಿ ಮತ್ತು ನಾಲ್ವರು ಹೆಂಗಸರು ಗೋಡೆಗೆ ಒರಗಿ ಕೂತಿದ್ದರು.

ಭಾಷಣ ಚೆನ್ನಾಗಿಯೇ ಹೋಯಿತು. ಶರಣಪ್ಪನ ಬೆರಳಿನ ಕತೆ ಹೇಳುವಾಗ ಮುಂದಿನ ಸಾಲಿನ ಮುದುಕನೊಬ್ಬ ಕಣ್ಣೊರೆಸಿಕೊಂಡ. ಕೊನೆಗೆ ಬಂದಾಗ ನನ್ನ ನಾಲಿಗೆ ಹಳೆಯ ಹಾದಿ ಹಿಡಿಯಿತು. ನಮ್ಮ ಕಡೆ ಯಾವ ಸಭೆಯೂ ವಂದನಾರ್ಪಣೆಯಿಲ್ಲದೆ ಮುಗಿಯುವುದಿಲ್ಲ. ಶಾಮಿಯಾನದವನಿಂದ ಹಿಡಿದು ಮೈಕಿನವನವರೆಗೆ ಒಂದು ಹೆಸರೂ ಬಿಡುವಂತಿಲ್ಲ, ಬಿಟ್ಟರೆ ಮುಂದಿನ ಸಲ ಅವನು ವೈರು ಕಟ್ಟುವುದಿಲ್ಲ. ಉಪಕಾರ ಮಾಡಿದವರ ಹೆಸರನ್ನು ನಾಲ್ಕು ಜನರ ಮುಂದೆ ತೆಗೆದುಕೊಳ್ಳದವನು ನಮ್ಮಲ್ಲಿ ಮನುಷ್ಯನೇ ಅಲ್ಲ. ಆ ಹಾಳೆಯ ಫೋಟೋ ತೆಗೆದ ವ್ಯಕ್ತಿ ಇಲ್ಲದಿದ್ದರೆ ನಾನಿಲ್ಲಿ ನಿಲ್ಲುತ್ತಿರಲಿಲ್ಲ ಎಂದೆ. ಎದೆ ತುಂಬಿ ಬಂದಿತ್ತು. ಅವರ ಹೆಸರು ಹೇಳಿದೆ. ತಂದೆಯ ಹೆಸರು ಹೇಳಿದೆ. ಊರನ್ನೂ ಹೇಳಿ ಕೈ ಮುಗಿದೆ.

ಶಾಂತಾ ತರ್ಜುಮೆ ಮಾಡಲಿಲ್ಲ. ಬಿರ್ಗಿತ್ತಾಳಿಗೆ ಕನ್ನಡ ಬಾರದು, ಆದರೆ ಹೆಸರೊಂದು ಯಾವ ಭಾಷೆಯವರ ಕಿವಿಗೂ ಹೆಸರಾಗಿಯೇ ಬೀಳುತ್ತದೆ. ಅವಳು ಎದ್ದು ಬಂದು ಮೈಕಿನ ಮೇಲೆ ಅಂಗೈ ಇಟ್ಟಳು.

"ಈಗ ಹೇಳಿದ್ದು ಆ ಮನಷ್ಯಾರ ಖರೇ ಹೆಸರಾ ಅಂತ ಕೇಳಾಕತ್ತಾರ ಕಾಕಾ," ಎಂದಳು ಶಾಂತಾ.

ನಾನು ಹೌದೆಂದು ತಲೆಯಾಡಿಸಿದೆ. ಆಗ ತಿಳಿಯಿತು ನಾನೇನು ಮಾಡಿದೆನೆಂದು. ಉಣ್ಣೆಯ ಕೋಟಿನೊಳಗೆ ಬೆವರಿಳಿಯಿತು.

ಬಿರ್ಗಿತ್ತಾ ಸಭೆಗೆ ಎರಡೇ ಮಾತು ಹೇಳಿದಳು. ಗ್ರಂಥಾಲಯದವನು ತನ್ನ ರೆಕಾರ್ಡಿಂಗ್ ನಿಲ್ಲಿಸಿ ಎಲ್ಲರೆದುರು ಅಳಿಸಿಹಾಕಿದ. ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಿದ್ದವರು ಏಳೆಂಟು ಜನ ಎದ್ದು ಸಾಲಾಗಿ ನಿಂತರು. ಅಲ್ಲಿ ಎಲ್ಲದಕ್ಕೂ ಸಾಲು ಹಚ್ಚುತ್ತಾರೆ. ಒಬ್ಬೊಬ್ಬರೇ ಮುಂದೆ ಬಂದು, ವಿಡಿಯೋವನ್ನು ನನ್ನ ಕಣ್ಣಿಗೆ ಕಾಣುವಂತೆ ಅಳಿಸಿ, ತಲೆ ಬಾಗಿಸಿ ಹೋದರು. ಮುಂದಿನ ಸಾಲಿನ ಮುದುಕ ಮೊಬೈಲೇ ಇಲ್ಲದವನು. ಅವನು ಕಿವಿಯ ಯಂತ್ರ ತೆಗೆದು ನನಗೆ ತೋರಿಸಿ ಜೇಬಿಗೆ ಹಾಕಿಕೊಂಡ. ನಂದೂರ ಯಾವ ದಿಕ್ಕಿಗಿದೆಯೆಂದೂ ಅರಿಯದ ಜನ, ಅಲ್ಲಿಯ ಒಬ್ಬರ ಕೆಲಸ ಉಳಿಯಲೆಂದು ಹೀಗೆ ನಿಂತದ್ದು ಕಂಡು ನನಗೆ ಅಳು ತಡೆಯಲಾಗಲಿಲ್ಲ.

ಆಗ ಶಾಂತಾಳ ಕಣ್ಣು ಜಗ್ಗಿನ ಕಡೆ ಹೋಯಿತು. ಐವರು ಹೆಂಗಸರು ಅಲ್ಲೇ ಕೂತಿದ್ದರು.

"ಅವ್ವಾ, ಕಾಕಾ ಹೇಳಿದ್ದು ಕೇಳ್ಸಿತೇನು?"

"ಎಲ್ಲಾ ಕೇಳ್ಸಿತವ್ವ," ಎಂದಳು ಗುರಬಾಯಿ ಖುಷಿಯಿಂದ. "ಗಂಟಿ ಬಾರ್ಸಿದಂಗ ಕೇಳ್ಸಿತು. ಭಾಳ ಛಲೋ ಮಾತಾಡ್ಯಾನ."

ಅವಳ ಪಕ್ಕದಲ್ಲಿ ಕೂತಿದ್ದವಳು ಸುವರ್ಣಾ. ಅವಳ ಗಂಡ ಅದೇ ಮಿಲ್ಲಿನ ಲೆಕ್ಕ ಬರೆಯುವ ಮುನೀಮ. ಮೊಬೈಲಿನಲ್ಲಿದ್ದುದನ್ನು ಅಳಿಸಬಹುದು, ಕೇಳಿದ ಕಿವಿಯಿಂದ ತೆಗೆಯುವುದು ಹೇಗೆ? ಶಾಂತಾ ಮೊಬೈಲು ಎತ್ತಿಕೊಂಡು ಹೊರಗೆ ಓಡಿದಳು. ಬಾಗಿಲ ಆಚೆಯಿಂದ ಅವಳ ಮಾತು ಕೇಳುತ್ತಿತ್ತು. "ಆ ಹೆಸರು ಹೊರಗ ಬಿದ್ರ ಅವರ ಅನ್ನ ಹೋಗ್ತದವ್ವ. ಎಲ್ಲಾರಿಗೂ ಹೇಳು. ಸುವರ್ಣಕ್ಕಗೂ ಹೇಳು."

ಅದೇ ದಿನ, ಸರೋವರದ ದಂಡೆ

ನಾನು ದಂಡೆಯ ಬೆಂಚಿಗೆ ಹೋಗಿ ಕೂತೆ. ಬಿರ್ಗಿತ್ತಾ ಬಂದು ನನ್ನ ಕ್ಷಮೆ ಕೇಳಿದಳು! ಮೊದಲೇ ಎಚ್ಚರಿಸಬೇಕಾಗಿತ್ತು, ಫೋನುಗಳನ್ನು ಹೊರಗಿಡಿಸಬೇಕಾಗಿತ್ತು, ಮನೆಗೆ ಕರೆದವಳ ತಪ್ಪು ಅದು ಎಂದಳು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಕ್ಷಮೆ ಕೇಳಿದ್ದರಿಂದ ಇನ್ನಷ್ಟು ಕುಗ್ಗಿದೆ.

ಆಕೆ ಹೋದ ಮೇಲೆ ಇನ್ನೊಬ್ಬ ಅತಿಥಿ, ತನ್ನ ದೇಶ ಬಿಟ್ಟು ಬಂದವಳು, ಪಕ್ಕದಲ್ಲಿ ಕೂತಳು. ಇಬ್ಬರದೂ ಹರಕುಮುರುಕು ಇಂಗ್ಲಿಷು, ಆದ್ದರಿಂದ ಸುಲಭವಾಗಿ ಅರ್ಥವಾಯಿತು. ಅವಳಿಗೊಬ್ಬ ಡ್ರೈವರ್ ಇದ್ದನಂತೆ. ಗಡಿಯ ಊರುಗಳಿಗೆ ಕರೆದುಕೊಂಡು ಹೋಗುತ್ತಿದ್ದವನು. ಅವನ ಹೆಸರನ್ನು ಅವಳು ಒಂದೇ ಒಂದು ಕಡೆ ಹೇಳಿದ್ದಳು, ಸಂದರ್ಶನವೊಂದರಲ್ಲಿ, ಹೊಗಳುವುದಕ್ಕಾಗಿ. ಅವಳು ಇಲ್ಲಿದ್ದಾಳೆ, ಅವನು ಇನ್ನೂ ಜೈಲಿನಲ್ಲಿದ್ದಾನೆ.

ನೀನು ಹೆಸರು ಹೇಳಿದೆಯಲ್ಲ, ಅವರಿಗೆ ಇವತ್ತೇ ಫೋನ್ ಮಾಡು ಎಂದಳು. ತಪ್ಪು ನಿನ್ನದು, ಅಪಾಯ ಅವರದು, ಅವರಿಗೆ ಮೊದಲು ಗೊತ್ತಾಗಬೇಕು.

ಮಾಡಿದೆ. ಎಲ್ಲ ಹೇಳಿದೆ. ಆ ಕಡೆ ಯಾರದೋ ಮನೆಯಲ್ಲಿ ಕುಕ್ಕರ್ ಕೂಗಿದ್ದು ಕೇಳಿಸಿತು.

"ನೀವು ನನ್ನ ಹೆಸರು ತಗೊಂಡು ಛಲೋ ಅಂದೀರಿ, ಅದಕ್ಕ ಸಿಟ್ಟಿಲ್ರಿ ಸರ," ಎಂದರು ಕೊನೆಗೆ. "ಮನಿ ಮಂದಿ ಬಿಟ್ಟು ನನ್ನ ಹೆಸರು ಯಾರೂ ತಗೊಂಡಿಲ್ಲ. ಆದ್ರ ನನಗ ಕೆಲಸ ಬೇಕ್ರಿ."

ಉಳಿದ ಎರಡು ದಿನ ನಾನು ಏನು ನೋಡಿದೆ, ಏನು ತಿಂದೆ, ನೆನಪಿಲ್ಲ.

ಗಾಜಿಪುರ

ಊರಿಗೆ ಬಂದ ಮರುದಿನ ಬೆಳಿಗ್ಗೆಯೇ ಗುರಬಾಯಿಯ ಮನೆಗೆ ಹೋದೆ. ಚುರುಮುರಿ ನೆನೆಸಿ ಸುಸಲಾ ಹಚ್ಚಿ ಮುಂದಿಟ್ಟಳು. ನಾನು ಇಲ್ಲದಾಗ ನಡೆದದ್ದನ್ನು ಅವಳೇ ಹೇಳಿದಳು. ಪೇಪರಿನವನು ಪರದೇಶದಲ್ಲಿ ಮಿಲ್ಲಿನ ವಿಷಯ ಮಾತಾಡಿದನಂತೆ ಎಂಬ ಸುದ್ದಿ ಮಾತ್ರ ಹೇಗೋ ಹರಡಿತ್ತು. ಮುನೀಮ ಮೊದಲು ಹೆಂಡತಿಯನ್ನು ಕೇಳಿದ್ದಾನೆ, ಏನು ಹೇಳಿದ ಅವನು ಎಂದು.

"ಅಲ್ಲಿ ಥಂಡಿ ಭಾಳ ಅದಂತ ಅಂದ, ಬಾತುಕೋಳಿ ಭಾಳ ಅದಾವಂತ ಅಂದ, ಅಂತ ಹೇಳ್ಯಾಳ ನಮ್ಮ ಸುವರ್ಣಾ!" ಗುರಬಾಯಿ ಸೆರಗು ಬಾಯಿಗೆ ಹಿಡಿದು ನಕ್ಕಳು. "ಆಮ್ಯಾಲ ನನ್ನ ಕಡಿ ಬಂದ. ನನಗ ಕಿವಿ ಮಂದಪ್ಪಾ, ಅದ್ರಾಗ ಟಾವರ್ ಬ್ಯಾರೆ ಸಿಗಲಿಲ್ಲ ಅಂದೆ. ಉಳದ ಮೂವರ ಮನಿಗೂ ಹೋಗಿದ್ನಂತ. ಎಲ್ಲಾ ಕಡೀನೂ ಟಾವರ್ ಸಿಕ್ಕಿಲ್ಲ."

"ಅಕ್ಕಾ, ನಾ ಆವತ್ತು ಹೇಳಿದ ಹೆಸರು..." ಎಂದು ನಾನು ಶುರುಮಾಡಿದೆ, ಇನ್ನು ಮುಂದೂ ಜೋಪಾನ ಎಂದು ಹೇಳಲಿಕ್ಕೆ.

ಗುರಬಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾವ ಹೆಸರಪ್ಪಾ? ನೀ ಯಾವ ಹೆಸರೂ ಹೇಳಿಲ್ಲ. ನಾವು ಐದೂ ಮಂದಿ ಕುಂತು ಕೇಳೀವಿ."

ಸ್ವೀಡನ್ನಿನ ಕಾನೂನನ್ನು ಮೆಚ್ಚಿದಷ್ಟೇ ನಾನು ಈ ಹೆಂಗಸನ್ನೂ ಮೆಚ್ಚಿದೆ. ಅಲ್ಲಿ ಅಷ್ಟು ಓಡಾಡಿ ಕಲಿತದ್ದು ನನ್ನ ಓಣಿಯ ಐವರಿಗೆ ಮಗಳ ಒಂದು ಫೋನಿನಲ್ಲೇ ತಿಳಿದಿತ್ತು. ಆದರೆ ಒಂದು ಮಾತು ಹೇಳಲೇಬೇಕು. ಅಲ್ಲಿಯ ಮುದುಕ ಕಿವಿಯ ಯಂತ್ರ ತೆಗೆದಾಗ ಅವನ ಬೆನ್ನಿಗೆ ಕಾನೂನಿತ್ತು. ಸುವರ್ಣಾ ಮನೆಯಲ್ಲಿ ಗಂಡನ ಎದುರಿಗೆ ಒಬ್ಬಳೇ ನಿಂತಿದ್ದಳು. ಅಂಥ ಕಾನೂನು ನಮಗೂ ಬೇಕು. ಹೆಂಗಸರು ದಿನವೂ ಟಾವರಿನ ಮೇಲೆ ಹಾಕುತ್ತ ಕೂರಲಾಗುವುದಿಲ್ಲ.

ಕಮಲಾಪುರ

ಶರಣಪ್ಪನ ಕೈ ಮಾಯ್ದಿತ್ತು. ಮಿಲ್ಲಿನವರು ಹಗುರ ಕೆಲಸ ಕೊಟ್ಟು ಮತ್ತೆ ಸೇರಿಸಿಕೊಂಡಿದ್ದರು. ಒಂದು ಭಾನುವಾರ ಅವನು ಮಿಲ್ಲಿನ ಸಂಗಾತಿಗಳನ್ನೆಲ್ಲ ಊಟಕ್ಕೆ ಕರೆದ. ನನ್ನನ್ನೂ ಕರೆದ. ನಾನು ಹೋಗುವಷ್ಟರಲ್ಲಿ ಹನ್ನೆರಡು ಹದಿಮೂರು ಜನ, ಗಂಡಸರು ಹೆಂಗಸರು, ಚಾಪೆಯ ಮೇಲೆ ಸುತ್ತಲೂ ಕೂತಿದ್ದರು.

ಊಟವಾದ ಮೇಲೆ ಶ್ಯಾವಿಗೆ ಪಾಯಸದ ಬಟ್ಟಲು ಹಿಡಿದು ಅವನ ತಾಯಿ ನನ್ನ ಮುಂದೆ ಕೂತಳು.

"ಸಾಹೇಬ್ರ, ನನ್ನ ಮಗನ ಅನ್ನ ಉಳಸಿದವ್ರು ಯಾರು? ಆ ಫೋಟೋ ಕೊಟ್ಟವ್ರು? ಹೆಸರು ಹೇಳ್ರಿ. ನಾ ಅವರ ಕಾಲಿಗಿ ಬೀಳ್ತೀನಿ."

ಇದನ್ನು ನಾನು ಯೋಚಿಸಿರಲಿಲ್ಲ. ಮಾಲೀಕ ಕೇಳಿದರೆ, ಮುನೀಮ ಕೇಳಿದರೆ, ಪೊಲೀಸರು ಕೇಳಿದರೆ ಏನು ಹೇಳಬೇಕೆಂದು ವಿಮಾನದಲ್ಲಿ ಇಡೀ ದಾರಿ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಕೈ ಮುಗಿಯಲು ಹೆಸರು ಕೇಳುವವರಿಗೆ ಕೊಡುವ ಉತ್ತರವನ್ನು ಬಿರ್ಗಿತ್ತಾ ಹೇಳಿಕೊಟ್ಟಿರಲಿಲ್ಲ.

"ಹೇಳಂಗಿಲ್ಲ ಯವ್ವಾ," ಎಂದೆ.

"ನಮಗೂ ಹೇಳಂಗಿಲ್ಲೇನ್ರಿ?"

"ನಿಮಗೂ ಹೇಳಂಗಿಲ್ಲ."

ಅವಳ ಮುಖ ಸಣ್ಣದಾಯಿತು. "ಅಂದ್ರ ನಾವು ಯಾರಿಗಿ ಕೈ ಮುಗೀಬೇಕ್ರಿ? ಉಪಕಾರ ತಗೊಂಡು ಸುಮ್ಮ ಕುಂದ್ರೂಣೇನು?"

ಆಗ ಶರಣಪ್ಪ ಎದ್ದ. ಬಲಗೈಯಲ್ಲಿ ಉಳಿದ ಎರಡು ಬೆರಳನ್ನು ಎಡಗೈಗೆ ಹಚ್ಚಿ, ಬಾಗಿಲ ಪಕ್ಕದಲ್ಲಿ ಕೂತಿದ್ದವರ ಮುಂದೆ ನಿಂತು ಕೈ ಮುಗಿದ. ಅವರು ಗಡಬಡಿಸಿ ಎದ್ದು ತಿರುಗಿ ಕೈ ಮುಗಿದರು. ಆಮೇಲೆ ಅವರ ಪಕ್ಕದವರಿಗೆ. ಆಮೇಲೆ ಅವರ ಪಕ್ಕದವರಿಗೆ. ಒಬ್ಬರನ್ನೂ ಬಿಡಲಿಲ್ಲ.

"ಇಷ್ಟರಾಗ ಯಾರಿಗಿ ಸೇರಬೇಕೋ ಅವರಿಗಿ ಸೇರ್ಲಿ ಯವ್ವಾ," ಎಂದ. "ಇಲ್ಲಿ ಇಲ್ಲದವ್ರಾದ್ರ ಅವರಿಗೂ ಮುಟ್ಲಿ."

ಫೋಟೋ ಕಳಿಸಿದವರು ಆ ಕೋಣೆಯಲ್ಲಿದ್ದರೋ ಇಲ್ಲವೋ ನಾನು ಹೇಳುವುದಿಲ್ಲ. ಶರಣಪ್ಪ ಚಾಪೆಯ ಸುತ್ತ ಒಂದು ಸುತ್ತು ಬಂದು ಮುಗಿಸುವವರೆಗೂ ನಾನು ನನ್ನ ಪಾಯಸದ ಬಟ್ಟಲನ್ನೇ ನೋಡುತ್ತ ಕೂತೆ, ಯಾರ ಮುಖದ ಮೇಲೂ ನನ್ನ ಕಣ್ಣು ಒಂದು ಗಳಿಗೆ ಹೆಚ್ಚು ನಿಲ್ಲಬಾರದೆಂದು.